ಸ್ಪರ್ಶವೂ ಸಂಕಲ್ಪವೂ: ಯಂತ್ರಚರಿತ್ರೆಯ ಒಂದು ಪ್ರಕರಣ

ಕೈ ತಗುಲುವುದು ಬೇರೆ, ಕೈಯಿಡುವುದು ಬೇರೆ. ಈ ಭೇದವನ್ನು ಯಂತ್ರವು ಅರಿಯುವುದೆಂತು? ಈ ಪ್ರಶ್ನೆಗೂ ಒಂದು ಇತಿಹಾಸವಿದೆ.

ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟಿನ ಇ. ಎ. ಜಾನ್ಸನ್ ಅವರು 1965ರಲ್ಲಿ ಸ್ಪರ್ಶಫಲಕವನ್ನು ಕುರಿತ ಲೇಖನವೊಂದನ್ನು ಪ್ರಕಟಿಸಿದರು. ಬೆರಳು ತಗುಲಿದಾಗ ವಿದ್ಯುತ್ ಧಾರಕತೆಯಲ್ಲುಂಟಾಗುವ ವ್ಯತ್ಯಾಸವೇ ಅದರ ಆಧಾರ; ವಿಮಾನಸಂಚಾರ ನಿಯಂತ್ರಣವೇ ಅದರ ಉದ್ದಿಷ್ಟ ಕ್ಷೇತ್ರ. ಅಂತಹ ಸ್ಥಳದಲ್ಲಿ ಆಕಸ್ಮಿಕ ಸ್ಪರ್ಶವು ಆಜ್ಞೆಯಾಗಿ ಪರಿಣಮಿಸಿದರೆ ಆಗುವ ಅನರ್ಥವು ಅಲ್ಪವಲ್ಲ. ಧಾರಕತೆಯಾದರೋ ಬೆರಳಿನ ಇರವನ್ನು ತಿಳಿಸೀತೇ ಹೊರತು ಮನಸ್ಸಿನ ಇಂಗಿತವನ್ನಲ್ಲ.

1988ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಪಾಟರ್, ವೆಲ್ಡನ್ ಮತ್ತು ಷ್ನೈಡರ್‌ಮನ್ ಅವರು ಮೂರು ವಿಧಾನಗಳನ್ನು ಹೋಲಿಸಿ ನೋಡಿದರು: ಬೆರಳು ಊರಿದ ಸ್ಥಳವನ್ನು ಗಣಿಸುವುದು, ಜಾರುತ್ತ ಮೊದಲು ಮುಟ್ಟಿದ ಗುರಿಯನ್ನು ಸ್ವೀಕರಿಸುವುದು, ಬೆರಳನ್ನು ಎತ್ತಿದ ಸ್ಥಳವನ್ನು ಪರಿಗಣಿಸುವುದು. ಕೊನೆಯ ವಿಧಾನದಲ್ಲಿ ತಪ್ಪುಗಳು ಕಡಿಮೆಯಾದವು. ತಪ್ಪಾಗಿ ಊರಿದ ಬೆರಳು ಎತ್ತುವ ಮುನ್ನ ಸರಿದುಕೊಳ್ಳಲು ಅಲ್ಲಿ ಅವಕಾಶವಿತ್ತೆಂಬುದು ಗಮನಾರ್ಹ.

2007ರ ಐಫೋನಿನಲ್ಲಿ ಮುಖವು ಸಮೀಪಿಸಿದೊಡನೆ ಸಾಮೀಪ್ಯ ಸಂವೇದಕದಿಂದ ತೆರೆಯು ನಂದುತ್ತಿತ್ತು. ಬೀಗ ತೆರೆಯಲು ಬೆರಳನ್ನು ಗೊತ್ತಾದ ದಾರಿಯಲ್ಲಿ ಜಾರಿಸಬೇಕಾಗಿತ್ತು. ಕೆನ್ನೆಯಾಗಲಿ ಕಿಸೆಯಾಗಲಿ ಆ ದಾರಿಯನ್ನು ಹಿಡಿಯುವುದು ವಿರಳ.

ಇದರಿಂದ ಒಂದು ಸಂಗತಿ ವ್ಯಕ್ತವಾಗುತ್ತದೆ. ಸಂವೇದಕವು ಸಂಕಲ್ಪವನ್ನು ಎಂದೂ ಓದಲಿಲ್ಲ. ಆಕಸ್ಮಿಕವು ಸುಲಭವಾಗಿ ಪೂರೈಸಲಾರದ ನಿಯಮಗಳನ್ನು ಮನುಷ್ಯನು ಅದಕ್ಕೆ ವಿಧಿಸಿದನು. ಅವುಗಳಲ್ಲಿ ಶ್ರೇಷ್ಠವಾದುದು, ಕೈಗೆ ಮನಸ್ಸು ಬದಲಿಸಲು ಕೊಟ್ಟ ಆ ಕ್ಷಣಕಾಲದ ಅವಕಾಶ.