ನೆಲದ ಏರಿಳಿತವನ್ನು ಅಳೆದ ಕಥೆ

ನೆಲದ ಏರಿಳಿತವನ್ನು ಅಂಕಿಗಳಲ್ಲಿ ಹಿಡಿದು ಓದುವ ವಿದ್ಯೆಯನ್ನು ನಾವು ಕಚೇರಿ ಮುಗಿದ ಮೇಲಿನ ಬಿಡುವಿನಲ್ಲಿ ಗಣಕಯಂತ್ರದ ಮುಂದೆ ಕುಳಿತು ಕಲಿಯುತ್ತಿದ್ದೇವೆ. ಈ ವಿದ್ಯೆಯ ಹಿಂದಿನ ಕಥೆಗೆ ನಮ್ಮ ನಾಡಿನ ನಂಟೂ ಇದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ದಕ್ಷಿಣ ಭಾರತವನ್ನು ತ್ರಿಕೋನಗಳ ಮೂಲಕ ಅಳೆಯುವ ಯೋಜನೆಯನ್ನು ಸರಕಾರದ ಮುಂದಿಟ್ಟನು. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆಯಲು 57 ದಿನ ಹಿಡಿಯಿತು. ಕೋನ ಅಳೆಯುವ ಥಿಯೊಡೊಲೈಟಿನ ತೂಕವೇ ಸುಮಾರು ಅರ್ಧ ಟನ್!

ಮುಂದೆ 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಹನ್ನೊಂದೇ ದಿನಗಳಲ್ಲಿ ರೇಡಾರಿನ ಮೂಲಕ ಭೂಮಿಯ ನೆಲಭಾಗದ ಶೇಕಡಾ 80ರಷ್ಟನ್ನು ಅಳೆಯಿತು. ನಮ್ಮ ಕಾರ್ಟೊಸ್ಯಾಟ್-1 ಉಪಗ್ರಹ 2005ರಲ್ಲಿ ಮೇಲೇರಿತು. ಒಂದು ಕಾಲಕ್ಕೆ ಸರಕಾರದ ಬೀರುವಿನೊಳಗಿದ್ದ ಇಂಥ ಅಂಕಿಗಳು ಈಗ ಸಾಮಾನ್ಯನಿಗೂ ಉಚಿತವಾಗಿ ದೊರೆಯುತ್ತವೆ. 2002ರಲ್ಲಿ ಆರಂಭವಾದ ಕ್ಯೂಜಿಐಎಸ್ ಎಂಬ ತಂತ್ರಾಂಶಕ್ಕೂ ಕಾಸು ಕೊಡಬೇಕಿಲ್ಲ.

ರಾಸ್ಟರ್ ಎಂದರೆ ಹೆದರಬೇಕಾಗಿಲ್ಲ. ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯನ್ನು ನೆನೆಯಿರಿ. ಸುಮಾರು 30 ಮೀಟರಿನ ಒಂದೊಂದು ಚೌಕಕ್ಕೂ ಅಲ್ಲಿನ ಎತ್ತರದ ಒಂದು ಅಂಕಿ. ಅಕ್ಕಪಕ್ಕದ ಅಂಕಿಗಳ ವ್ಯತ್ಯಾಸದಿಂದ ಇಳಿಜಾರು ಸಿಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ವಿಧಾನದಂತೆ, ಸುತ್ತಲಿನ ಎಂಟು ಚೌಕಗಳಲ್ಲಿ ಇಳಿಜಾರು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆಂದು ಗಣಕ ಲೆಕ್ಕ ಹಾಕುತ್ತದೆ. ಹೀಗೆ ಹಳ್ಳ, ತೊರೆ, ಜಲಾನಯನದ ಗಡಿ ಎಲ್ಲವೂ ಪರದೆಯ ಮೇಲೆ ಮೂಡುತ್ತವೆ.

ಇಲ್ಲೊಂದು ಎಚ್ಚರ ಬೇಕು. ನೀರು ಹೊರಹೋಗದ ತಗ್ಗು ಕಂಡರೆ ಅದು ಅಳತೆಯ ದೋಷವಿರಬಹುದೆಂದು ಮೊದಲು ಅದನ್ನು ತುಂಬಿಬಿಡುವುದು ವಾಡಿಕೆ. ಆದರೆ ನಮ್ಮ ನಾಡಿನಲ್ಲಿ ಎಲ್ಲ ತಗ್ಗೂ ದೋಷವಲ್ಲ. ಏರಿಯ ಹಿಂದಿನ ಕೆರೆಯಂಗಳವೂ ತಗ್ಗೇ. ಪರದೆಯ ಮೇಲೆ ತುಂಬಿದರೆ ಅಳಿಸಿ ಮತ್ತೆ ಮಾಡಬಹುದು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಅದನ್ನು ಅಳಿಸುವ ಗುಂಡಿ ಯಾವ ಯಂತ್ರದಲ್ಲೂ ಇಲ್ಲ. ಇನ್ನೊಂದು ಮಾತು: ರೇಡಾರಿಗೆ ಮರದ ತುದಿಯೂ ಮಹಡಿಯ ಚಾವಣಿಯೂ ನೆಲದಂತೆಯೇ ಕಾಣುವುದುಂಟು. ಆದ್ದರಿಂದ ಪರದೆಯನ್ನು ನೋಡಿದವರು ಸ್ಥಳವನ್ನೂ ನಡೆದು ನೋಡಬೇಕು.

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ, 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ, ನೀರು ತಗ್ಗನ್ನೇ ಹುಡುಕಿ ಬಂದಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಹಳ್ಳಿಯಲ್ಲಿ ಯಾವ ಗದ್ದೆಗೆ ನೀರು ನುಗ್ಗುತ್ತದೆಂದು ಬಲ್ಲೆವು. ಇಲ್ಲಿ ಬಾಡಿಗೆ ಹಿಡಿದ ಮನೆಯ ನೆಲ ಯಾವುದೆಂದು ಅರಿಯೆವು. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಒಂದು ಭಾನುವಾರ ನಿಮ್ಮ ಬಡಾವಣೆಯ ನೆಲವನ್ನು ಹೀಗೆ ಓದಿ ನೋಡಿ. ಮುಂದೆ ಮನೆ ಕೊಳ್ಳುವಾಗ ಬೆಲೆಯ ಜೊತೆಗೆ ಎತ್ತರವನ್ನೂ ವಿಚಾರಿಸುವ ಬುದ್ಧಿ ಬಂದರೆ ಈ ಕಲಿಕೆ ಸಾರ್ಥಕ.