ಕರ್ನಿ ಬೀದಿಯ ಹೋಟ್ಲು

ಹೋಟ್ಲು ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಒಳಗಿನ ಮೇಜು ಕುರ್ಚಿಯಲ್ಲ, ಹೊರಗೆ ಗೂಡಿನಲ್ಲಿ ಬೇರೆ ಇಟ್ಟ ಲೋಟ. ನಮ್ಮ ತಾತಂದಿರು, ಅಪ್ಪಂದಿರು ಕಾಸು ಕೊಟ್ಟೂ ಹೊರಗೇ ಕೂತು ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಬಂದವರು. ಹಾಗಾಗಿ ಯಾವುದೋ ದೊಡ್ಡ ಹೋಟ್ಲನ್ನು ಕೆಡವಿದರು, ಚರಿತ್ರೆ ಹಾಳಾಯಿತು ಅಂತ ಯಾರಾದರೂ ಮರುಗಿದರೆ ನಮಗೆ ಕಣ್ಣೀರು ಬರುವುದಿಲ್ಲ. ಆದರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ನಡುಪೇಟೆಯಲ್ಲಿ ಕೆಡವಿದ ಒಂದು ಹೋಟ್ಲಿನ ಕತೆ ಬೇರೆ. ಯಾರೂ ಒಳಗೆ ಬಿಟ್ಟುಕೊಳ್ಳದವರಿಗೆ ಅದು ಮನೆಯಾಗಿತ್ತು.

ಹೆಸರು ಇಂಟರ್‌ನ್ಯಾಷನಲ್ ಹೋಟೆಲ್. ಜನ ಕರೆಯುತ್ತಿದ್ದದ್ದು ಐ-ಹೋಟೆಲ್ ಅಂತ. 19ನೇ ಶತಮಾನದ ನಡುವಿನಲ್ಲಿ ಶುರುವಾದಾಗ ಅದು ಉಳ್ಳವರು ಬಂದು ಇಳಿಯುವ ಜಾಗ. 1873ರಲ್ಲಿ ಕರ್ನಿ ಮತ್ತು ಜಾಕ್ಸನ್ ಬೀದಿಗಳು ಕೂಡುವ ಕಡೆಗೆ ಬಂತು. 1906ರ ಭೂಕಂಪದಲ್ಲಿ ನಾಶವಾಗಿ 1907ರಲ್ಲಿ ಮತ್ತೆ ಎದ್ದಿತು. ಆಮೇಲೆ ಅದರ ಸಣ್ಣ ಸಣ್ಣ ಕೋಣೆಗಳನ್ನು ತುಂಬಿದವರು ಉಳ್ಳವರಲ್ಲ. ಫಿಲಿಪೀನ್ಸಿನಿಂದ ದುಡಿಯಲು ಬಂದ ಗಂಡಾಳುಗಳು, ಪಕ್ಕದ ಚೀನೀಯರ ಕೇರಿಯ ಮುದುಕರು.

ಇವರು ಅಲ್ಲಿಗೆ ಬಂದದ್ದು ಹೇಗೆ? 1898ರಲ್ಲಿ ಅಮೆರಿಕ ಫಿಲಿಪೀನ್ಸ್ ದ್ವೀಪಗಳನ್ನು ಸ್ಪೇನಿನಿಂದ 2 ಕೋಟಿ ಡಾಲರ್ ಕೊಟ್ಟು ಪಡೆಯಿತು. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಅವರು ಅಮೆರಿಕದ ಆಳ್ವಿಕೆಗೆ ಸೇರಿದರು, ಆದರೆ ಪೌರರಾಗಲಿಲ್ಲ. 1920ರ ದಶಕದಲ್ಲಿ ಸಾವಿರಾರು ಹುಡುಗರು ಹಡಗು ಹತ್ತಿದರು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಸೊಂಟ ಬಗ್ಗಿಸಿ ಸೊಪ್ಪು ಕೊಯ್ದರು. ಬೇಸಿಗೆಯಲ್ಲಿ ಅಲಾಸ್ಕಕ್ಕೆ ಹೋಗಿ ಮೀನು ಸೀಳಿ ಡಬ್ಬಿಗೆ ತುಂಬಿದರು. ನಗರದ ಹೋಟ್ಲುಗಳಲ್ಲಿ ತಟ್ಟೆ ತೊಳೆದರು. ಕೆಲಸವಿಲ್ಲದ ತಿಂಗಳುಗಳಲ್ಲಿ ಕರ್ನಿ ಬೀದಿಗೆ ಬಂದು ತಂಗಿದರು. ಅಲ್ಲಿ ಅವರದೇ ಕ್ಷೌರದಂಗಡಿ, ಊಟದ ಮನೆ, ಬಿಲಿಯರ್ಡ್ಸ್ ಆಡುವ ಜಾಗ ಎಲ್ಲ ಬೆಳೆದವು. ಆ ಕೇರಿಗೆ ಮನಿಲಾಟೌನ್ ಅಂತ ಹೆಸರಾಯಿತು.

ಕೇರಿ ಅಂತ ನಾವು ಸುಮ್ಮನೆ ಹೇಳುತ್ತಿಲ್ಲ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೋಟ್ಲಿನ ಬಾಗಿಲ ಮೇಲೆ ಫಿಲಿಪಿನೊಗಳಿಗೆ ಖಂಡಿತ ಪ್ರವೇಶವಿಲ್ಲ ಅಂತ ಬರೆದಿತ್ತು. ಬಿಳಿಯ ಹುಡುಗಿಯರ ಜೊತೆ ಕುಣಿದರು ಅನ್ನೋ ಸಿಟ್ಟಿಗೆ 1930ರ ಜನವರಿಯಲ್ಲಿ ವಾಟ್ಸನ್‌ವಿಲ್ ಊರಿನಲ್ಲಿ ಬಿಳಿಯರ ಗುಂಪು ದಿನಗಟ್ಟಲೆ ಅಟ್ಟಾಡಿಸಿ ಹೊಡೆಯಿತು, ಒಬ್ಬ ಕೂಲಿಯಾಳು ಗುಂಡಿಗೆ ಬಲಿಯಾದ. 1933ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ತಿದ್ದಿ, ಇವರು ಬಿಳಿಯರನ್ನು ಮದುವೆಯಾಗದ ಹಾಗೆ ಮಾಡಿತು. 1934ರ ಇನ್ನೊಂದು ಕಾನೂನು ವರ್ಷಕ್ಕೆ 50 ಜನ ಮಾತ್ರ ಫಿಲಿಪೀನ್ಸಿನಿಂದ ಬರಬಹುದು ಅಂದಿತು. ಬಂದವರೆಲ್ಲ ಹೆಚ್ಚಾಗಿ ಗಂಡಸರು. ಇಲ್ಲಿಯ ಹೆಣ್ಣನ್ನು ಮದುವೆಯಾಗುವಂತಿಲ್ಲ, ಅಲ್ಲಿಯ ಹೆಣ್ಣು ಬರುವಂತಿಲ್ಲ. ಮದುವೆಯ ಕಾನೂನು ಬಿದ್ದುಹೋದದ್ದು 1948ರಲ್ಲಿ. ಅಷ್ಟರಲ್ಲಿ ಅವರ ತಲೆ ನರೆತಿತ್ತು. ಯಾರ ಜೊತೆ ಯಾರು ಕೂಡಬೇಕು ಅಂತ ಕಾವಲು ಕಾಯುವ ಕೆಲಸ ನಮ್ಮ ಮನುವಿಗೊಬ್ಬನಿಗೇ ಗೊತ್ತಿತ್ತು ಅಂತ ತಿಳಿದಿದ್ದೆವು. ಅದು ನಮ್ಮ ತಪ್ಪು.

ಹೀಗೆ ಒಂಟಿಯಾಗಿ ಮುದುಕರಾದವರೇ ಐ-ಹೋಟೆಲಿನ ಬಾಡಿಗೆದಾರರು. ಕಿರಿಯರು ಅವರನ್ನು ಮಾನೋಂಗ್ ಅನ್ನುತ್ತಿದ್ದರು. ನಮ್ಮ ಮಾತಿನಲ್ಲಿ ಅಣ್ಣ. ತಿಂಗಳಿಗೆ 50 ಡಾಲರಿನ ಆಸುಪಾಸು ಬಾಡಿಗೆ. ಒಂದು ಮಂಚ, ಒಂದು ಕಿಟಕಿ, ಪಕ್ಕದ ಕೋಣೆಯಲ್ಲಿ ತನ್ನ ಊರ ಮಾತಾಡುವ ಇನ್ನೊಬ್ಬ ಅಣ್ಣ. ಅವರಿಗೆ ಸಂಸಾರ ಅಂದರೆ ಅಷ್ಟೇ.

ಪಕ್ಕದಲ್ಲೇ ಬ್ಯಾಂಕು, ಕಂಪನಿಗಳ ಗಗನಚುಂಬಿಗಳು ಏಳುತ್ತಿದ್ದವು. ಕರ್ನಿ ಬೀದಿಯ ನೆಲಕ್ಕೆ ಬೆಲೆ ಬಂತು, ಅಲ್ಲಿದ್ದ ಜನಕ್ಕೆ ಬೆಲೆ ಬರಲಿಲ್ಲ. 1968ರಲ್ಲಿ ಮಾಲೀಕ ಕಂಪನಿ ಹೋಟ್ಲು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ಹೊರಟು, ಖಾಲಿ ಮಾಡಿ ಅಂತ ನೋಟೀಸು ಕೊಟ್ಟಿತು. ಮುದುಕರು ಒಪ್ಪಲಿಲ್ಲ. ಗುತ್ತಿಗೆಯ ಮಾತುಕತೆ ನಡೆಯುತ್ತಿದ್ದಾಗಲೇ, 1969ರ ಮಾರ್ಚಿಯಲ್ಲಿ ಹೋಟ್ಲಿಗೆ ಬೆಂಕಿ ಬಿದ್ದು ಮೂವರು ಬಾಡಿಗೆದಾರರು ಸತ್ತರು. ಉಳಿದವರು ಆಗಲೂ ಕದಲಲಿಲ್ಲ.

ಆಗ ವಿದ್ಯಾರ್ಥಿಗಳು ಬಂದರು. ಸ್ಯಾನ್ ಫ್ರಾನ್ಸಿಸ್ಕೊದ ಸ್ಟೇಟ್ ಕಾಲೇಜಿನಲ್ಲಿ ತಮ್ಮ ಜನರ ಚರಿತ್ರೆಯನ್ನು ಪಾಠ ಮಾಡಿ ಅಂತ 1968-69ರಲ್ಲಿ ತಿಂಗಳುಗಟ್ಟಲೆ ಮುಷ್ಕರ ಹೂಡಿದವರು ಇದ್ದರು, ಕೊಲ್ಲಿಯ ಆಚೆ ಬರ್ಕ್‌ಲಿಯಿಂದ ಬಂದವರೂ ಇದ್ದರು. ಬ್ಲ್ಯಾಕ್ ಪ್ಯಾಂಥರ್‌ಗಳು 1966ರಲ್ಲಿ ಹುಟ್ಟಿದ್ದು ಅದೇ ದಡದ ಓಕ್‌ಲೆಂಡಿನಲ್ಲಿ. ಆ ಹೆಸರನ್ನೇ ನಮ್ಮವರು 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಅಂತ ತಮ್ಮದು ಮಾಡಿಕೊಂಡರು. ಆ ಗಾಳಿ ನಮಗೂ ತಾಗಿದೆ. ಈ ಹುಡುಗರು ಬಂದು ಗೋಡೆಗೆ ಬಣ್ಣ ಬಳಿದರು, ನಲ್ಲಿ ರಿಪೇರಿ ಮಾಡಿದರು. ಬೀದಿಗೆ ಮುಖ ಮಾಡಿದ ಮಳಿಗೆಗಳಲ್ಲಿ ಪುಸ್ತಕದಂಗಡಿ, ಕಲಾಶಾಲೆ ಶುರುವಾದವು. ಆಲ್ ರೋಬ್ಲೆಸ್ ಅನ್ನೋ ಕವಿ ಮುದುಕರ ಜೊತೆ ಕೂತು ಅವರ ಬದುಕನ್ನು ಕೇಳಿ ಪದ್ಯ ಬರೆದ. ಓದಿದ ಮೊದಲ ತಲೆಮಾರಿಗೆ ಇದಕ್ಕಿಂತ ದೊಡ್ಡ ಕೆಲಸ ಯಾವುದಿದೆ?

1973ರಲ್ಲಿ ಕಟ್ಟಡ ಫೋರ್ ಸೀಸ್ ಅನ್ನೋ ಕಂಪನಿಗೆ ಮಾರಾಟವಾಯಿತು. ಅದರ ಯಜಮಾನ ಬಿಳಿಯನಲ್ಲ, ಏಷ್ಯಾದವನೇ, ಥಾಯ್ಲೆಂಡಿನಲ್ಲಿ ವ್ಯಾಪಾರ ಮಾಡುವವ. ನಮ್ಮವನೇ ಮಾಲೀಕನಾದರೆ ಸಾಕು ಅಂತ ನಂಬುವವರು ಇದನ್ನು ಗಮನಿಸಬೇಕು. ಅವನೂ ಖಾಲಿ ಮಾಡಿ ಅಂದ. ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. ನ್ಯಾಯಾಲಯ ಮಾಲೀಕನ ಪತ್ರ ನೋಡಿತು. ಕಾನೂನು ಇವರನ್ನು ಮೊದಲು ಸಂಸಾರ ಕಟ್ಟದ ಹಾಗೆ ಮಾಡಿತು, ಆಮೇಲೆ ಇದು ನಿಮ್ಮ ಮನೆಯಲ್ಲ, ಬಾಡಿಗೆ ಕೋಣೆ ಅಂದಿತು.

ಶೆರೀಫ್ ರಿಚರ್ಡ್ ಹಾಂಗಿಸ್ಟೊ ಮೊದಲು ಮುದುಕರನ್ನು ಹೊರಹಾಕಲು ಒಪ್ಪದೆ, ನ್ಯಾಯಾಂಗ ನಿಂದನೆಗೆ ಗುರಿಯಾಗಿ 1977ರಲ್ಲಿ ಐದು ದಿನ ಜೈಲು ಕಂಡ. ಕೊನೆಗೆ ಅವನೇ ಸುತ್ತಿಗೆ ಹಿಡಿದು ಕೋಣೆಗಳ ಬಾಗಿಲು ಒಡೆದ. ಒಳ್ಳೆಯ ಅಧಿಕಾರಿಯನ್ನು ನಂಬಿ ಕೂರುವವರು ಇದನ್ನೂ ನೆನಪಿಡಬೇಕು.

1977ರ ಆಗಸ್ಟ್ 4, ಬೆಳಗಿನ ಜಾವ. ಸುಮಾರು 3,000 ಜನ ಕೈಗೆ ಕೈ ಹೆಣೆದು ಹೋಟ್ಲಿನ ಸುತ್ತ ಗೋಡೆಯಾಗಿ ನಿಂತಿದ್ದರು. ಸುಮಾರು 400 ಪೊಲೀಸರು ಬಂದರು. ಕುದುರೆಗಳನ್ನು ಜನರ ಮೇಲೆ ನುಗ್ಗಿಸಿದರು, ಲಾಠಿ ಬೀಸಿದರು, ಏಣಿ ಇಟ್ಟು ಮಾಳಿಗೆಯಿಂದ ಇಳಿದರು. ಬೆಳಗಾಗುವ ಹೊತ್ತಿಗೆ ಸುಮಾರು ಐವತ್ತು ಮುದುಕರು ಬೀದಿಯಲ್ಲಿದ್ದರು. ಆ ಕೈಗಳು ದೇಶಕ್ಕೆಲ್ಲ ಸೊಪ್ಪು, ಮೀನು ಉಣಿಸಿದ್ದವು.

1981ರ ಹೊತ್ತಿಗೆ ಕಟ್ಟಡ ಪೂರ್ತಿ ನೆಲಸಮ. ತಮಾಷೆ ನೋಡಿ, ಅಷ್ಟು ಅವಸರ ಪಟ್ಟ ಮಾಲೀಕರು ಅಲ್ಲಿ ಏನೂ ಕಟ್ಟಲಾಗಲಿಲ್ಲ. ಜನ ಬಿಡಲಿಲ್ಲ. ವರ್ಷಾನುಗಟ್ಟಲೆ ಬರೀ ಗುಂಡಿ. ಕೊನೆಗೆ 2005ರಲ್ಲಿ ಅದೇ ಜಾಗದಲ್ಲಿ ಬಡ ಮುದುಕರಿಗಾಗಿ ನೂರಕ್ಕೂ ಹೆಚ್ಚು ಮನೆಗಳ ಹೊಸ ಇಂಟರ್‌ನ್ಯಾಷನಲ್ ಹೋಟೆಲ್ ಎದ್ದಿತು. ಕೆಳಗೆ ಮನಿಲಾಟೌನಿನ ನೆನಪಿನ ಕೇಂದ್ರವೂ ಇದೆ.

ಇದು ಗೆಲುವೇ? ಹೌದು ಅನ್ನಲು ನಾಲಿಗೆ ತಡೆಯುತ್ತದೆ. ಹೊರದಬ್ಬಿಸಿಕೊಂಡವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಸತ್ತಿದ್ದರು. 28 ವರ್ಷ ತಡವಾಗಿ ಬಂದ ಬಾಗಿಲಿನ ಬೀಗದ ಕೈ ಅವರಿಗೆ ಸಿಗಲಿಲ್ಲ. ಸೋಲು ಅನ್ನಲೂ ಆಗುವುದಿಲ್ಲ. ಆ ನೆಲ ಕಾರು ನಿಲ್ಲಿಸುವ ಜಾಗವಾಗಲಿಲ್ಲ, ಇನ್ನೊಬ್ಬ ಬಡ ಮುದುಕ ಅಲ್ಲಿ ಕಿಟಕಿ ತೆಗೆದು ಬೀದಿ ನೋಡುತ್ತಾನೆ. ಹಕ್ಕುಪತ್ರ ಇಲ್ಲ ಅಂತ ನಾಳೆ ನಮ್ಮ ಕೇರಿಯ ಗುಡಿಸಲ ಮುಂದೆ ಯಾರಾದರೂ ಬಂದು ನಿಂತರೆ, ಕರ್ನಿ ಬೀದಿಯ ಆ ಅಣ್ಣಂದಿರನ್ನು ನೆನೆದುಕೊಳ್ಳೋಣ. ಅವರ ಹತ್ತಿರವೂ ಪತ್ರ ಇರಲಿಲ್ಲ. ಅಲ್ಲಿ ಬದುಕಿದ್ದೇ ಅವರ ಪತ್ರ.