ಬೆಂಗಳೂರು ಯೋಜನೆಯಲ್ಲಿ ವ್ಯಾಕರಣದ ಸ್ಥಾನ

ಎನ್. ಎಸ್. ಪ್ರಭು ಮತ್ತು ಸಂಗಡಿಗರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದ ಪ್ರಯೋಗ ಭಾಷಾಬೋಧನೆಯ ಚರಿತ್ರೆಯಲ್ಲಿ 'ಬೆಂಗಳೂರು ಯೋಜನೆ' ಎಂದು ಹೆಸರಾಗಿದೆ. ಅದರಲ್ಲಿ ವ್ಯಾಕರಣದ ಪಾಠಪಟ್ಟಿಯೇ ಇರಲಿಲ್ಲವಾದ್ದರಿಂದ, ವ್ಯಾಕರಣವನ್ನು ತರಗತಿಯಿಂದ ಹೊರಗಟ್ಟಿದ ಪ್ರಯೋಗವೆಂದು ಅದನ್ನು ಎಣಿಸುವುದುಂಟು. ಈ ಓದು ಯೋಜನೆಯನ್ನು ತಲೆಕೆಳಗು ಮಾಡುತ್ತದೆ. 1950ರ ದಶಕದಿಂದ ಮದರಾಸು ರಾಜ್ಯದಲ್ಲಿ ಬೇರೂರಿದ್ದ ರಚನಾತ್ಮಕ ಪದ್ಧತಿ ವಾಕ್ಯಮಾದರಿಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ ಮಕ್ಕಳಿಂದ ಮತ್ತೆ ಮತ್ತೆ ಹೇಳಿಸುತ್ತಿತ್ತು. ಅಭ್ಯಾಸದಲ್ಲಿ ತಪ್ಪದ ವಾಕ್ಯ ಸ್ವಂತ ಮಾತಿನಲ್ಲಿ ತಪ್ಪುತ್ತಿತ್ತು. 1970ರ ದಶಕದ ಬ್ರಿಟಿಷ್ ಚಿಂತಕರು ಇದಕ್ಕೆ ಕೊಟ್ಟ ಪರಿಹಾರವೆಂದರೆ ಕೋರಿಕೆ, ಕ್ಷಮೆ, ಆಹ್ವಾನಗಳಂಥ ಮಾತಿನ ಬಳಕೆಗಳನ್ನು ಕಲಿಸುವುದು. ಪ್ರಭು ಅದನ್ನು ಒಪ್ಪಲಿಲ್ಲ. ಅವರ ಗುರಿ ವ್ಯಾಕರಣಶುದ್ಧಿಯೇ ಆಗಿತ್ತು. ಗಮನವೆಲ್ಲ ಅರ್ಥದ ಮೇಲೆ ನೆಟ್ಟಿರುವಾಗಲೇ ಅದು ಒಳಗೊಳಗೇ ರೂಪುಗೊಳ್ಳುತ್ತದೆ ಎಂಬುದು ಅವರ ಊಹೆ.

ತರಗತಿಯ ಕ್ರಮವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಮುಂದಿಟ್ಟು ಶಿಕ್ಷಕರು ಇಡೀ ತರಗತಿಯೊಡನೆ ಒಂದು ಸಮಸ್ಯೆಯನ್ನು ಬಿಡಿಸುತ್ತಿದ್ದರು. ಅದೇ ಬಗೆಯ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕಿತ್ತು. ಯಾವ ರೈಲು ಹಿಡಿದರೆ ಹೊತ್ತಿಗೆ ಮುಂಚೆ ತಲುಪಬಹುದು ಎಂದು ತರ್ಕಿಸುವ ಮಗುವಿಗೆ ಹೋಲಿಕೆಯ ರೂಪಗಳೂ ಷರತ್ತಿನ ವಾಕ್ಯಗಳೂ ಕಿವಿಗೆ ಬೀಳುತ್ತಲೇ ಇರುತ್ತವೆ, ಪಾಠವಾಗಿ ಅಲ್ಲ, ಕೆಲಸಕ್ಕೆ ಬೇಕಾದ ಸಾಮಗ್ರಿಯಾಗಿ. ತಪ್ಪನ್ನು ಅಲ್ಲಲ್ಲೇ ತಿದ್ದಿ ಮುಂದೆ ಸಾಗುತ್ತಿದ್ದರು. ನಿಯಮದ ವಿವರಣೆ ಇರಲಿಲ್ಲ. ಗುಂಪು ಚಟುವಟಿಕೆಗೂ ಒಲವಿರಲಿಲ್ಲ. ಮಕ್ಕಳು ತಂತಮ್ಮಲ್ಲೇ ಮಾತಾಡಿಕೊಂಡರೆ ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಗಟ್ಟಿಯಾಗುತ್ತದೆ ಎಂಬ ಅಳುಕು ಅದಕ್ಕೆ ಕಾರಣ. ವ್ಯಾಕರಣವನ್ನು ಕೈಬಿಟ್ಟವರಿಗೆ ಇಂಥ ಅಳುಕು ಏಕೆ?

ಫಲಿತಾಂಶ ಏನು ಹೇಳುತ್ತದೆ? ಬೆರೆಟ್ಟಾ ಮತ್ತು ಡೇವೀಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಬಿಡಿ ರಚನೆಗಳ ಪರೀಕ್ಷೆ ಹಳೆಯ ಪದ್ಧತಿಯ ಮಕ್ಕಳಿಗೆ ಒಲಿದಿತ್ತು, ಕಾರ್ಯಾಧಾರಿತ ಪರೀಕ್ಷೆ ಯೋಜನೆಯ ಮಕ್ಕಳಿಗೆ. ಎರಡೂ ನಿರೀಕ್ಷಿತವೇ. ಎರಡೂ ಕಡೆಗೆ ವಾಲದಂತೆ ರೂಪಿಸಿದ್ದ ಪರೀಕ್ಷೆಗಳೇ ಹೆಚ್ಚು ತೂಕದವು. ಅವುಗಳಲ್ಲಿ ಸಂದರ್ಭದೊಳಗಿನ ವ್ಯಾಕರಣ ಮತ್ತು ಉಕ್ತಲೇಖನ ಒಟ್ಟಾರೆ ಯೋಜನೆಯ ಪರವಾಗಿದ್ದವು. ಮಕ್ಕಳನ್ನು ಚೀಟಿ ಎತ್ತಿದಂತೆ ಹಂಚಿರಲಿಲ್ಲ, ಇದ್ದ ತರಗತಿಗಳನ್ನೇ ಹೋಲಿಸಿದ್ದರು ಎಂಬ ಆಕ್ಷೇಪ ನ್ಯಾಯವಾದದ್ದು. ಮೌಲ್ಯಮಾಪಕರೂ ಅದನ್ನು ಮರೆಮಾಚಲಿಲ್ಲ. ಹಾಗಾಗಿ ಈ ಅಂಕಗಳಿಂದ ಪದ್ಧತಿಯ ಗೆಲುವನ್ನು ಸಾಧಿಸಲಾಗದು. ಪಾಠಪಟ್ಟಿ ಇಲ್ಲದಿದ್ದರೆ ವ್ಯಾಕರಣವೇ ಬಾರದು ಎಂಬ ವಾದವಂತೂ ಅವುಗಳ ಮುಂದೆ ದುರ್ಬಲವಾಗುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಶಿಕ್ಷಕರನ್ನು ಕುರಿತದ್ದು. ಪಾಠ ಮಾಡಿದವರಲ್ಲಿ ಹಲವರು ಶಾಲೆಯ ಕಾಯಂ ಶಿಕ್ಷಕರಲ್ಲ, ಯೋಜನೆಯಲ್ಲಿ ನಂಬಿಕೆಯಿಟ್ಟು ಬಂದ ತಜ್ಞರು. ಕಾಯಂ ಶಿಕ್ಷಕರಿಗೆ ಈ ಕ್ರಮ ಅಷ್ಟಾಗಿ ಒಗ್ಗಲಿಲ್ಲವೆಂದು ಬೆರೆಟ್ಟಾ ಮುಂದೆ 1990ರಲ್ಲಿ ಬರೆದರು. ಮನೆಯಲ್ಲೂ ಬೀದಿಯಲ್ಲೂ ಇಂಗ್ಲಿಷ್ ಕೇಳದ ಮಗುವಿಗೆ ಶಿಕ್ಷಕರ ಮಾತೇ ವ್ಯಾಕರಣದ ಮೂಲವಾದಾಗ, ಆ ಮಾತು ಎಷ್ಟು ಶುದ್ಧ, ಎಷ್ಟು ಸಮೃದ್ಧ ಎಂಬುದೇ ನಿರ್ಣಾಯಕ. ಗುಂಪು ಚಟುವಟಿಕೆಯ ವಿರುದ್ಧ ಪ್ರಭು ಎತ್ತಿದ ತಕರಾರು ಇಂಗ್ಲಿಷಿನಲ್ಲಿ ತಡವರಿಸುವ ಶಿಕ್ಷಕರಿಗೂ ತಗಲುತ್ತದೆ. ಅದಕ್ಕೆ ಯೋಜನೆಯೊಳಗೆ ಸಮರ್ಪಕವಾದ ಉತ್ತರವಿಲ್ಲ.